ಮಣಿಯದ ರಕ್ತದೊತ್ತಡಕ್ಕೆ ಆಂಟಿಬಯಾಟಿಕ್ ಮದ್ದಾದೀತೆ?

ಬಸವಕಲ್ಯಾಣ, ಹುಮನಾಬಾದ ಕಡೆಯ ಭಕ್ತರು ನಮ್ಮೊಡನೆ ಮಾತಿಗೆ ಕುಳಿತಾಗ ಒಂದು ದೂರು ಮತ್ತೆ ಮತ್ತೆ ಬರುತ್ತದೆ: "ಮೂರು ನಮೂನಿ ಗುಳಿಗಿ ತಗೋತೀವ್ರಿ, ಬಿ.ಪಿ. ಮಾತ್ರ ಇಳೀವಲ್ದು." ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿ ಮೂರು ಬಗೆಯ ಗುಳಿಗೆಗಳನ್ನು ಪೂರ್ಣ ಪ್ರಮಾಣದಲ್ಲಿ ಸೇವಿಸಿದರೂ ಹತೋಟಿಗೆ ಬಾರದಿದ್ದರೆ ವೈದ್ಯರು ಅದನ್ನು ಔಷಧಿಗೆ ಮಣಿಯದ ರಕ್ತದೊತ್ತಡವೆನ್ನುತ್ತಾರೆ. ಇದಕ್ಕೆ ಆಂಟಿಬಯಾಟಿಕ್ ಮದ್ದಾದೀತೆ ಎಂದು ವಿಜ್ಞಾನಿಗಳು ಗಂಭೀರವಾಗಿಯೇ ಪರೀಕ್ಷಿಸುತ್ತ ಬಂದಿದ್ದಾರೆ.

ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಮೋಹನ್ ರೈಜಾದಾ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದೊತ್ತಡ ಏರಿದ್ದ ಇಲಿಗಳಿಗೆ ಮಿನೋಸೈಕ್ಲಿನ್ ಕೊಟ್ಟಾಗ ಒತ್ತಡ ತಗ್ಗಿತು. ಕದಡಿದ್ದ ಕರುಳಿನ ಸೂಕ್ಷ್ಮಜೀವಿಗಳ ಸಮತೋಲವೂ ಸುಧಾರಿಸಿತು. ಈ ಔಷಧಿಯು ಮೆದುಳನ್ನು ಹೊಕ್ಕು ಅಲ್ಲಿನ ಉರಿಯೂತವನ್ನೂ ಶಮನಗೊಳಿಸಬಲ್ಲದು. ಆದುದರಿಂದ ಅದೇ ವಿಶ್ವವಿದ್ಯಾಲಯವು ಮನುಷ್ಯರಲ್ಲಿಯೂ ಅದರ ಪರೀಕ್ಷೆಯನ್ನು ಕೈಗೊಂಡಿತು.

ಆದರೆ 2018ರಲ್ಲಿ ಟೊಲೆಡೊ ವಿಶ್ವವಿದ್ಯಾಲಯದಿಂದ ಬಂದ ಅಧ್ಯಯನವು ನಮ್ಮನ್ನು ಎಚ್ಚರಿಸಬೇಕು. ಹಿಂದೆ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಅಧ್ಯಯನ ನಡೆಸಿದ್ದ ಬೀನಾ ಜೋ ಅವರ ತಂಡದ ಕಾರ್ಯವಿದು. ಹುಟ್ಟಿನಿಂದಲೇ ರಕ್ತದೊತ್ತಡದ ಪ್ರವೃತ್ತಿಯುಳ್ಳ ಒಂದು ತಳಿಯ ಇಲಿಗಳಲ್ಲಿ ಮಿನೋಸೈಕ್ಲಿನ್ ಒತ್ತಡವನ್ನು ಇಳಿಸಿತು. ಉಪ್ಪು ತಿಂದೊಡನೆ ಒತ್ತಡವೇರುವ ಮತ್ತೊಂದು ತಳಿಯಲ್ಲಿ ಅದೇ ಔಷಧಿ ಏರಿಸಿತು! ನಮ್ಮಲ್ಲಿಯೂ ಉಪ್ಪು ಒಗ್ಗದ ದೇಹಗಳುಂಟು. ಯಾರದು ಎಂಬುದನ್ನು ಮುಖ ನೋಡಿ ಹೇಳಲಾಗದು. ರೊಟ್ಟಿಯೊಡನೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಿಲ್ಲದೆ ಊಟವೇ ಸಾಗದ ನಮ್ಮ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಉಪ್ಪನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದ್ದರಿಂದ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಈ ಕ್ಯಾಪ್ಸೂಲು ತಂದು ನುಂಗುವುದು ಸರ್ವಥಾ ಸಲ್ಲದು. ತಲೆಸುತ್ತು ಬರಬಹುದು, ವಿರಳವಾಗಿ ತಲೆಬುರುಡೆಯೊಳಗಿನ ಒತ್ತಡವೇ ಏರಬಹುದು. ಅನಗತ್ಯ ಬಳಕೆಯಿಂದ ರೋಗಾಣುಗಳು ಔಷಧಿಗೆ ಜಗ್ಗದಂತಾಗುವುದು ಬೇರೆ.

ನಮ್ಮ ಅನುಭವದಲ್ಲಿ, ಮಣಿಯದೆಂಬ ಎಷ್ಟೋ ರಕ್ತದೊತ್ತಡಗಳ ಹಿಂದೆ ತಪ್ಪಿಸಿದ ಗುಳಿಗೆಗಳಿರುತ್ತವೆ, ಇಲ್ಲವೇ ಮೊಣಕಾಲು ನೋವಿಗೆ ವರ್ಷಗಟ್ಟಲೆ ನುಂಗುವ ನೋವಿನ ಮಾತ್ರೆಗಳಿರುತ್ತವೆ. ಈ ಮಾತ್ರೆಗಳಲ್ಲಿ ಹಲವು ಒತ್ತಡವನ್ನು ಏರಿಸುತ್ತವೆಂಬುದು ಅನೇಕರಿಗೆ ತಿಳಿದಿಲ್ಲ. ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿ ತಾಲ್ಲೂಕು ಆಸ್ಪತ್ರೆಯ ವೈದ್ಯರ ಮುಂದಿಡಿರಿ. ಮೂತ್ರಪಿಂಡದ ದೋಷ, ಗೊರಕೆಯೊಡನೆ ಉಸಿರು ನಿಲ್ಲುವ ನಿದ್ರೆಯ ತೊಂದರೆ ಇವೆಯೇ ಎಂದೂ ಅವರು ನೋಡುವರು.

ಇಷ್ಟಾದರೂ ಇಳಿಯದಿದ್ದರೆ ನಾಲ್ಕನೆಯ ಔಷಧಿಯೊಂದುಂಟು. ಸ್ಪೈರೊನೊಲ್ಯಾಕ್ಟೋನ್ ಎಂಬ ಈ ಹಳೆಯ ಗುಳಿಗೆಯು ಇತರ ಎರಡು ಔಷಧಿಗಳಿಗಿಂತ ಹೆಚ್ಚು ಪರಿಣಾಮಕಾರಿಯೆಂದು ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯೊಂದು 2015ರಲ್ಲಿ ತೋರಿಸಿಕೊಟ್ಟಿದೆ. ಇದು ರಕ್ತದಲ್ಲಿ ಪೊಟ್ಯಾಸಿಯಂ ಅನ್ನು ಏರಿಸಬಲ್ಲುದಾದ್ದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಲೇ ಇದನ್ನು ಸೇವಿಸಬೇಕು.