ದುಬೈಗೆ ಹೊರಡುವ ಮುನ್ನ: ಕುಂದಾಪುರ ಸೀಮೆಯ ಹಿರಿಯರಿಗೆ ಏಳು ಹೆಜ್ಜೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಕೊಲ್ಲಿಯ ನಂಟಿಲ್ಲದ ಊರು ಸಿಗುವುದು ಕಷ್ಟ. ಮಗ, ಮಗಳು, ಅಳಿಯ, ಕೊನೆಗೆ ಪಕ್ಕದ ಮನೆಯವರಾದರೂ ಅಲ್ಲಿರುತ್ತಾರೆ. ದುಬೈಯಲ್ಲಿ ‘ನಮ್ಮ ಕುಂದಾಪ್ರ ಕನ್ನಡ ಬಳಗ’ವೇ ಇದೆ. ಮಕ್ಕಳು ಟಿಕೆಟ್ ಕಳಿಸಿದಾಗ ಹಿರಿಯರದು ಒಂದೇ ಮಾತು: “ಸೆಕೆ ನಮ್ಗೇನ್ ಹೊಸ್ತಾ?”

ಹೊಸದಲ್ಲ, ನಿಜ. ಆದರೆ ಮೇ ತಿಂಗಳಲ್ಲಿ ಇಲ್ಲಿ 34–35 ಡಿಗ್ರಿ ಮುಟ್ಟಿದರೆ ಜನ ಉಸ್ಸೆನ್ನುತ್ತಾರೆ. ಜುಲೈ, ಆಗಸ್ಟ್‌ನ ದುಬೈಯಲ್ಲಿ ಮಧ್ಯಾಹ್ನ 40 ದಾಟುವುದು ಮಾಮೂಲು, ರಾತ್ರಿಯೂ 30ರ ಆಸುಪಾಸು. ಅದರ ಮೇಲೆ ಕೊಲ್ಲಿಯ ಸಮುದ್ರದ ತೇವ ಬೇರೆ. ಆದ್ದರಿಂದ ತಯಾರಿ ಊರಿನಿಂದಲೇ ಶುರುವಾಗಬೇಕು.

1. ತಿಂಗಳು ನೋಡಿ ಟಿಕೆಟ್ ಮಾಡಿ

ನವೆಂಬರ್ ನಡುವಿನಿಂದ ಮಾರ್ಚ್ ಮೊದಲ ವಾರಗಳವರೆಗೆ ದುಬೈ ಹಿತವಾಗಿರುತ್ತದೆ. ಜನವರಿಯಲ್ಲಿ ಹಗಲು 24 ಡಿಗ್ರಿ ಆಸುಪಾಸು, ರಾತ್ರಿ ಸ್ವೆಟರ್ ಬೇಕೆನಿಸುವಷ್ಟು ಚಳಿ. ಊರಿನ ಲೆಕ್ಕಕ್ಕೂ ಇದು ಅನುಕೂಲ. ಮುಂಗಾರು ಭತ್ತದ ಕೊಯ್ಲು ಮುಗಿದಿರುತ್ತದೆ, ಕೋಟೇಶ್ವರದ ಕೊಡಿ ಹಬ್ಬ ನೋಡಿಕೊಂಡೇ ಹೊರಡಬಹುದು. ಮೊಮ್ಮಕ್ಕಳಿಗೆ ರಜೆ ಎಂದು ಜುಲೈಯಲ್ಲಿ ಹೋದರೆ ಹಗಲಿಡೀ ಎ.ಸಿ. ಕೋಣೆಯಲ್ಲೇ ಕೂರಬೇಕಾದೀತು.

2. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆ ನೋಡಿ

ಹೊರಡುವ ದಿನಕ್ಕೆ ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಹಳಬರಲ್ಲಿ ಅನೇಕರ ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿಲ್ಲದೆ ಒಂದೇ ಹೆಸರಿರುತ್ತದೆ. 2022ರ ನವೆಂಬರ್‌ನಿಂದ ಯುಎಇ ಇಂಥವರ ವಿಸಿಟ್ ವೀಸಾ ವಿಷಯದಲ್ಲಿ ಬಿಗಿಯಾಗಿದೆ. ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂದು ಬಳಿಕ ಸ್ಪಷ್ಟಪಡಿಸಲಾಯಿತಾದರೂ, ಟಿಕೆಟಿಗೆ ಹಣ ಕಟ್ಟುವ ಮೊದಲೇ ವಿಮಾನ ಸಂಸ್ಥೆಯನ್ನು ಕೇಳಿಕೊಳ್ಳುವುದು ಕ್ಷೇಮ. ವೀಸಾ ಸಾಮಾನ್ಯವಾಗಿ 30 ಅಥವಾ 60 ದಿನದ್ದು. ಅವಧಿ ಮೀರಿ ನಿಂತರೆ ದಿನಕ್ಕೆ 50 ದಿರ್ಹಂ ದಂಡ.

3. ಬ್ಯಾಗಿನಿಂದ ತೆಗೆದಿಡಬೇಕಾದ್ದು

ಇಲ್ಲಿಯೇ ಎಡವಟ್ಟಾಗುವುದು ಹೆಚ್ಚು. ಗಸಗಸೆ ಯುಎಇಯಲ್ಲಿ ಮಾದಕ ವಸ್ತುವಿನ ಪಟ್ಟಿಗೆ ಸೇರುತ್ತದೆ. ಚಿಟಿಕೆ ಗಸಗಸೆಯೂ ಬೇಡ, ಅದು ಬಿದ್ದಿರುವ ಮಸಾಲೆ ಪುಡಿಯೂ ಬೇಡ. ಕೋಳಿ ಸಾರಿನ ಪುಡಿ ಮನೆಯಲ್ಲೇ ಹುರಿದು ಮಾಡಿಸುವುದಾದರೆ ಗಸಗಸೆ ಹಾಕದಂತೆ ಮೊದಲೇ ಹೇಳಬೇಕು. ಊಟವಾದ ಮೇಲೆ ಎಲೆಯಡಿಕೆ ಬೇಕೇ ಬೇಕು ಎನ್ನುವವರಿಗೆ ಕಷ್ಟದ ಸುದ್ದಿ: ವೀಳ್ಯದೆಲೆಗೂ ದುಬೈ ಕಸ್ಟಮ್ಸ್‌ನ ನಿಷೇಧವಿದೆ. ಕೊಬ್ಬರಿ ಬೇಗ ಬೆಂಕಿ ಹಿಡಿಯುವ ವಸ್ತುವೆಂದು ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಬ್ಯಾಗಿನಲ್ಲಿ ಭದ್ರವಾಗಿ ಕಟ್ಟಿಡಿ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಕುಚ್ಚಲಕ್ಕಿ ಹೊತ್ತೊಯ್ಯುವ ಅಗತ್ಯವಿಲ್ಲ. ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ.

ಔಷಧಗಳಿಗೆ ವೈದ್ಯರ ಚೀಟಿ ಜತೆಗಿರಲಿ, ಮಾತ್ರೆಗಳು ಮೂಲ ಪ್ಯಾಕೆಟ್‌ನಲ್ಲೇ ಇರಲಿ. ಟ್ರಮಡಾಲ್, ಕೋಡಿನ್‌ನಂಥ ನೋವಿನ ಹಾಗೂ ಕೆಮ್ಮಿನ ಔಷಧಗಳಿಗೆ ಅಲ್ಲಿನ ಸರ್ಕಾರದ ಪೂರ್ವಾನುಮತಿ ಬೇಕು.

4. ಬಜ್ಪೆಗೆ ಬೇಗ ಹೊರಡಿ

ಬಜ್ಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣ ಬ್ರಹ್ಮಾವರದಿಂದ ಸುಮಾರು 70, ಕುಂದಾಪುರದಿಂದ 90, ಬೈಂದೂರಿನಿಂದ 125 ಕಿ.ಮೀ. ವಿಮಾನ ಹೊರಡುವ ಮೂರು ಗಂಟೆ ಮೊದಲು ಅಲ್ಲಿರಬೇಕು. ರಾಷ್ಟ್ರೀಯ ಹೆದ್ದಾರಿ 66ರ ಟ್ರಾಫಿಕ್ ಲೆಕ್ಕಕ್ಕಿಟ್ಟುಕೊಂಡರೆ ಬೈಂದೂರಿನವರು ಆರು–ಏಳು ಗಂಟೆ ಮುಂಚೆ ಮನೆ ಬಿಡುವುದು ಒಳ್ಳೆಯದು. ಮಂಗಳೂರಿನಿಂದ ದುಬೈಗೆ ನೇರ ವಿಮಾನ 2006ರಿಂದಲೂ ಇದೆ. ಪ್ರಯಾಣ ಮೂರೂವರೆ ಗಂಟೆಯ ಆಸುಪಾಸು. ಇಳಿದ ಮೇಲೆ ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ.

5. ಮಧ್ಯಾಹ್ನ ಮನೆಯೊಳಗೆ

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಲ್ಲಿ ಕೂಲಿ ಕೆಲಸ ಮಾಡಿಸುವುದನ್ನೇ ಕಾನೂನು ತಡೆಯುತ್ತದೆ. ತಿರುಗಾಡಲು ಹೋದವರಿಗೂ ಇದೇ ವೇಳಾಪಟ್ಟಿ ಒಳ್ಳೆಯದು. ಬೆಳಿಗ್ಗೆ ಒಂಬತ್ತರೊಳಗೆ ಒಂದು ಸುತ್ತು, ಮಧ್ಯಾಹ್ನ ಮಾಲ್ ಅಥವಾ ಮ್ಯೂಸಿಯಂ, ಸಂಜೆ ಊರ ನಡುವಿನ ಕಡಲ ಕಾಲುವೆ ‘ಕ್ರೀಕ್’ನ ದಂಡೆ.

ಬೇಸಿಗೆಯಲ್ಲಿ ಮಹಡಿಯ ಟ್ಯಾಂಕ್ ಕಾದು ತಣ್ಣೀರಿನ ನಲ್ಲಿಯಲ್ಲೇ ಸುಡುನೀರು ಬರುತ್ತದೆ. ಎಷ್ಟೋ ಮನೆಗಳಲ್ಲಿ ಗೀಸರ್ ಆಫ್ ಮಾಡಿ, ಅದರೊಳಗೆ ನಿಂತು ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ಸ್ನಾನ ಮಾಡುತ್ತಾರೆ. ಬಚ್ಚಲಿಗೆ ಇಳಿಯುವ ಮುನ್ನ ಯಾವ ನಲ್ಲಿ ತಿರುಗಿಸಬೇಕೆಂದು ಸೊಸೆಯನ್ನೋ ಮಗಳನ್ನೋ ಕೇಳಿಕೊಳ್ಳಿ.

ಬಾಯಾರುವವರೆಗೆ ಕಾಯದೆ ನೀರು ಕುಡಿಯುತ್ತಿರಿ. ಬಿ.ಪಿ., ಹೃದಯ, ಕಿಡ್ನಿಯ ಔಷಧ ತೆಗೆದುಕೊಳ್ಳುವವರು ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನು ಊರಿನ ವೈದ್ಯರಲ್ಲೇ ಕೇಳಿ ಹೋಗಬೇಕು. ಇನ್ಸುಲಿನ್ ಅನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು. ಮೈ ಕೆಂಡದಂತೆ ಸುಡುತ್ತಾ ಮಾತು ತೊದಲಿದರೆ ನೆರಳಿಗೆ ಒಯ್ದು ಮೈಗೆ ನೀರು ಹಾಕಿ, 998ಕ್ಕೆ ಕರೆ ಮಾಡಿ, ಅದು ಆಂಬುಲೆನ್ಸ್. ಪೊಲೀಸರಿಗೆ 999.

6. ಓಡಾಟ, ಫೋನು

ಮೆಟ್ರೊ, ಬಸ್ಸು ಎರಡಕ್ಕೂ ‘ನೋಲ್’ ಕಾರ್ಡ್ ಒಂದೇ ಸಾಕು. ಮೆಟ್ರೊದಲ್ಲಿ ಹೆಂಗಸರು, ಮಕ್ಕಳಿಗೆ ಪ್ರತ್ಯೇಕ ಬೋಗಿಯಿದೆ. ಒಳಗೆ ಚಕ್ಕುಲಿ ಬಿಚ್ಚುವಂತಿಲ್ಲ, ನೀರೂ ಕುಡಿಯುವಂತಿಲ್ಲ: 100 ದಿರ್ಹಂ ದಂಡ. ಹೊರಗೆ ಉರಿ, ಒಳಗೆ ಹಿಮದಂಥ ಎ.ಸಿ.; ಹೀಗಾಗಿ ಹತ್ತಿಯ ಬಟ್ಟೆಯ ಮೇಲೊಂದು ಶಾಲು ಇರಲಿ. ಗಂಗೊಳ್ಳಿಯಲ್ಲಿ ದೋಣಿ ನೋಡಿ ಬೆಳೆದವರಿಗೆ ಬರ್‌ದುಬೈಯಿಂದ ದೇರಾಕ್ಕೆ ಕ್ರೀಕ್ ದಾಟಿಸುವ ಮರದ ‘ಅಬ್ರಾ’ ಇಷ್ಟವಾದೀತು.

ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಹೋಗುತ್ತದೆ, ಕರೆ ಸಾಮಾನ್ಯವಾಗಿ ಹೋಗುವುದಿಲ್ಲ. ಅಲ್ಲಿನವರು ‘ಬೋಟಿಮ್’ ಬಳಸುತ್ತಾರೆ. ಊರಿನಲ್ಲಿ ಉಳಿಯುವವರ ಫೋನಿಗೂ ಅದನ್ನು ಹಾಕಿಸಿಟ್ಟು ಹೊರಡಿ. ಚಾರ್ಜರ್‌ಗೆ ಮೂರು ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು. ಅಪರಿಚಿತರ, ಅದರಲ್ಲೂ ಹೆಂಗಸರ ಫೋಟೊ ಕೇಳದೆ ತೆಗೆಯಬಾರದು. ರಂಜಾನ್ ತಿಂಗಳಾದರೆ ಹಗಲಲ್ಲಿ ಬೀದಿಯಲ್ಲಿ ತಿನ್ನದಿರುವುದು ಮರ್ಯಾದೆ.

7. ಬರುವಾಗ ಚಿನ್ನ

ದೇರಾದ ಚಿನ್ನದ ಪೇಟೆ ‘ಗೋಲ್ಡ್ ಸೂಕ್’ ನೋಡಿದವರು ಬರಿಗೈಯಲ್ಲಿ ಬರುವುದು ಅಪರೂಪ. ಗಂಡಸರಿಗೆ 20, ಹೆಂಗಸರಿಗೆ 40 ಗ್ರಾಂವರೆಗಿನ ಆಭರಣಕ್ಕೆ ಸಿಗುವ ಸುಂಕ ವಿನಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ಇದ್ದವರಿಗೆ ಮಾತ್ರ. ತಿಂಗಳ ಮಟ್ಟಿಗೆ ಹೋದ ಅಪ್ಪ, ಅಮ್ಮನಿಗೆ ಅದು ಅನ್ವಯಿಸದು. ಊರಿನಿಂದ ಮೈಮೇಲೆ ಹಾಕಿಕೊಂಡು ಹೋಗುವ ಹಳೆಯ ಬೆಲೆಬಾಳುವ ಒಡವೆಯನ್ನು ಹೊರಡುವಾಗಲೇ ಬಜ್ಪೆಯ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಪಡೆದುಕೊಂಡರೆ, ವಾಪಸಾಗುವಾಗ ಅದಕ್ಕೆ ಲೆಕ್ಕ ಕೊಡುವ ಫಜೀತಿ ಇರುವುದಿಲ್ಲ.