ಪಾತ್ರದ ಮೌನ, ಕೃತಿಯ ಮೌನ: ಸಮಕಾಲೀನ ಜಪಾನೀ ಚಲನಚಿತ್ರ ಮತ್ತು ದೂರದರ್ಶನ ನಾಟಕಗಳ ಗ್ರಹಿಕೆ

ಜಪಾನೀ ಚಲನಚಿತ್ರಗಳ ವಿಮರ್ಶೆಯಲ್ಲಿ ‘ಮೌನ’ ಎಂಬುದು ಬಹುಕಾಲದಿಂದ ಮೆಚ್ಚುಗೆಯ ಪದವಾಗಿ ಬಳಕೆಯಾಗುತ್ತ ಬಂದಿದೆ. ಯಸುಜಿರೊ ಓಜು ಅವರ ‘ಟೋಕಿಯೊ ಮೊನೊಗತಾರಿ’ (1953) ಚಿತ್ರದ ಬಹುತೇಕ ಅಲುಗಾಡದ ಕ್ಯಾಮೆರಾ, ಜನರಿಲ್ಲದ ಕೋಣೆ, ಮಾತಿನ ನಡುವಣ ವಿರಾಮಗಳನ್ನು ಝೆನ್ ದರ್ಶನಕ್ಕೋ, ಎರಡರ ನಡುವಿನ ಅರ್ಥಪೂರ್ಣ ಅಂತರವನ್ನು ಸೂಚಿಸುವ ‘ಮಾ’ ಎಂಬ ಜಪಾನೀ ಪರಿಕಲ್ಪನೆಗೋ ಜೋಡಿಸಿ ವಿವರಿಸುವುದು ರೂಢಿಯಾಗಿದೆ. ಇಂದಿನ ಚಿತ್ರಗಳನ್ನೂ ದೂರದರ್ಶನ ನಾಟಕಗಳನ್ನೂ ಹೊರನಾಡಿನ ಪ್ರೇಕ್ಷಕ ಅನೇಕ ವೇಳೆ ಇದೇ ನೆಲೆಯಿಂದ ಮೆಚ್ಚುತ್ತಾನೆ. ಆದರೆ ಮೌನವನ್ನು ಒಂದು ಜನಸಮುದಾಯದ ಸ್ವಭಾವವೆಂದು ಒಪ್ಪಿಕೊಂಡ ಕೂಡಲೇ, ಆ ಮೌನಕ್ಕೆ ಕಾರಣವೇನು, ಅದರ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಗಳು ಹಿಂದೆ ಸರಿದುಬಿಡುತ್ತವೆ.

ಕಾವ್ಯಮೀಮಾಂಸೆಯ ಪರಿಚಯವುಳ್ಳವರಿಗೆ ಇಲ್ಲಿ ಧ್ವನಿತತ್ತ್ವ ನೆನಪಾಗುವುದು ಸಹಜ. ವಾಚ್ಯವನ್ನು ಮೀರಿ ವ್ಯಂಗ್ಯಾರ್ಥವು ಪ್ರಧಾನವಾಗಿ ಹೊಮ್ಮಿದಾಗ ಕಾವ್ಯವು ಉತ್ತಮವೆನಿಸುತ್ತದೆ ಎಂಬುದು ಆನಂದವರ್ಧನನ ನಿಲುವು. ಆದರೆ ಧ್ವನಿಯಲ್ಲಿ ಹೇಳದೆ ಉಳಿಸುವವನು ಕವಿ. ಕಥನದೊಳಗಿನ ವ್ಯಕ್ತಿ ಹೇಳಲಾರದೆ ಉಳಿಯುವುದು ಬೇರೆಯೇ ಸಂಗತಿ. ಮೊದಲನೆಯದು ಕೃತಿಯ ಮೌನ, ಎರಡನೆಯದು ಪಾತ್ರದ ಮೌನ. ಈ ಎರಡರ ಭೇದವನ್ನು ಕೆಲವು ಸಮಕಾಲೀನ ಕೃತಿಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಯಾರಿಗೂ ತಿಳಿಯದ ಮನೆ

ಹಿರೊಕಾಜು ಕೊರೆಯೆಡ ಅವರ ‘ದಾರೆಮೊ ಶಿರನಾಯ್’ (ಯಾರಿಗೂ ಗೊತ್ತಿಲ್ಲ, 2004) ಚಿತ್ರವು 1988ರಲ್ಲಿ ಟೋಕಿಯೊದ ಸುಗಾಮೊ ಪ್ರದೇಶದಲ್ಲಿ ಬೆಳಕಿಗೆ ಬಂದ, ತಾಯಿ ತೊರೆದುಹೋದ ಮಕ್ಕಳ ಪ್ರಕರಣದಿಂದ ಪ್ರೇರಿತವಾದುದು. ಘಟನೆಯ ವಿವರಗಳನ್ನು ಚಿತ್ರವು ಗಣನೀಯವಾಗಿ ಬದಲಿಸಿಕೊಂಡಿದೆ. ಹನ್ನೆರಡರ ಅಕಿರಾ ತಮ್ಮ ತಂಗಿಯರೊಂದಿಗೆ ಬಾಡಿಗೆ ಮನೆಯಲ್ಲಿ ಉಳಿಯುತ್ತಾನೆ. ಕಿರಿಯರನ್ನು ಪೆಟ್ಟಿಗೆಗಳಲ್ಲಿ ಅಡಗಿಸಿ ಆ ಮನೆಗೆ ತರಲಾಗಿದೆ. ಗದ್ದಲ ಮಾಡಬಾರದು, ಹೊರಗೆ ಕಾಣಿಸಿಕೊಳ್ಳಬಾರದು ಎಂಬುದು ತಾಯಿ ವಿಧಿಸಿದ ನಿಯಮ. ಇಲ್ಲಿನ ಮೌನವು ಧ್ಯಾನವಲ್ಲ, ಬಾಡಿಗೆ ಮನೆಯ ಷರತ್ತು. ಪೊಲೀಸರಿಗೋ ಮಕ್ಕಳ ಕಲ್ಯಾಣ ಕಚೇರಿಗೋ ತಿಳಿಸಬಾರದೇಕೆ ಎಂದು ಅಂಗಡಿಯ ಪರಿಚಿತೆ ಕೇಳಿದಾಗ, ಹಾಗೆ ಮಾಡಿದರೆ ನಾಲ್ವರೂ ಒಟ್ಟಿಗೆ ಇರಲಾಗದು ಎಂಬ ಭಯವನ್ನು ಅಕಿರಾ ವ್ಯಕ್ತಪಡಿಸುತ್ತಾನೆ. ನೆರವು ನೀಡಬೇಕಾದ ವ್ಯವಸ್ಥೆಯೇ ಒಡಹುಟ್ಟಿದವರನ್ನು ಅಗಲಿಸಬಲ್ಲದೆಂಬ ಅರಿವು ಆ ಬಾಲಕನ ಬಾಯಿ ಕಟ್ಟಿದೆ.

ಕೃತಿಯ ಮೌನವಾದರೋ ಬೇರೆ ಬಗೆಯದು. ತಾಯಿಯನ್ನು ಚಿತ್ರವು ಖಂಡಿಸುವುದಿಲ್ಲ, ಕರುಣೆಯನ್ನು ಬೇಡುವುದಿಲ್ಲ. ಸೇವಿಗೆಯ ಖಾಲಿ ಬಟ್ಟಲುಗಳಲ್ಲಿ ಮಕ್ಕಳು ಬೆಳೆಸುವ ಸಸಿಗಳನ್ನು ತೋರಿಸಿ ಸುಮ್ಮನಾಗುತ್ತದೆ. ಈ ಸಂಯಮದಿಂದಾಗಿ ತೀರ್ಪಿನ ಹೊಣೆ ಪ್ರೇಕ್ಷಕನ ಮೇಲೆ ಬೀಳುತ್ತದೆ. ಕಂಡೂ ಕಾಣದಂತೆ ಹೋಗುವ ನೆರೆಹೊರೆಯವರ ಸಾಲಿನಲ್ಲಿ ತಾನೂ ನಿಂತಿರುವೆನೇ ಎಂಬ ಇರುಸುಮುರುಸು ಹುಟ್ಟುವುದು ಈ ಕಾರಣದಿಂದಲೇ. ಅಕಿರಾ ಪಾತ್ರಧಾರಿ ಯುಯಾ ಯಗಿರಾ 2004ರ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಪಡೆದುದು ಗಮನಾರ್ಹ.

2. ಸೌಜನ್ಯದೊಳಗಿನ ಕ್ರೌರ್ಯ

ಅದೇ ನಿರ್ದೇಶಕರ ‘ಅರುಯಿತೆಮೊ ಅರುಯಿತೆಮೊ’ (ನಡೆದರೂ ನಡೆದರೂ, 2008) ಮೇಲುನೋಟಕ್ಕೆ ಓಜು ಪರಂಪರೆಯ ಪ್ರಶಾಂತ ಕುಟುಂಬಚಿತ್ರ. ಮುಳುಗುತ್ತಿದ್ದ ಹುಡುಗನನ್ನು ರಕ್ಷಿಸಲು ಹೋಗಿ ಸತ್ತ ಹಿರಿಯ ಮಗನ ಸ್ಮರಣೆಯ ದಿನ ಮನೆಯವರೆಲ್ಲ ಸೇರುತ್ತಾರೆ. ತಾಯಿ ಜೋಳದ ಕಾಳಿನ ತೆಂಪುರಾ ಕರಿಯುತ್ತಾಳೆ; ಹರಟೆ, ನಗು ಸಾಗುತ್ತವೆ. ಬದುಕುಳಿದ ಹುಡುಗ, ಈಗ ದಢೂತಿ ತರುಣ, ಪ್ರತಿವರ್ಷದಂತೆ ಬಂದು ತಲೆತಗ್ಗಿಸಿ ಹೋಗುತ್ತಾನೆ. ಇನ್ನಾದರೂ ಅವನನ್ನು ಕರೆಯದಿರಬಹುದಲ್ಲ ಎಂದು ಕಿರಿಯ ಮಗ ರಾತ್ರಿ ಸೂಚಿಸುತ್ತಾನೆ. ಹೆಣಿಗೆಯಿಂದ ಕೈ ತೆಗೆಯದೆಯೇ ತಾಯಿ ಕೊಡುವ ಉತ್ತರದ ತಾತ್ಪರ್ಯವಿಷ್ಟೆ: ವರ್ಷಕ್ಕೊಮ್ಮೆಯಾದರೂ ಅವನು ನೋಯಲೆಂದೇ ಕರೆಯುವುದು.

ಹಗಲಿನ ಆತಿಥ್ಯವನ್ನೆಲ್ಲ ಪ್ರೇಕ್ಷಕ ಈಗ ಮರಳಿ ಓದಬೇಕಾಗುತ್ತದೆ. ಅಂತರಂಗದ ಮಾತಿಗೆ ‘ಹೊನ್ನೆ’, ಬಹಿರಂಗದ ನಡಾವಳಿಗೆ ‘ತತೆಮಾಎ’ ಎಂದು ಜಪಾನೀ ಭಾಷೆಯಲ್ಲಿ ಹೆಸರುಂಟು. ಆದರೆ ಈ ಜೋಡಿಪದಗಳು ತಾಯಿಯ ನಡವಳಿಕೆಯನ್ನು ಹೆಸರಿಸುತ್ತವೆಯೇ ಹೊರತು ವಿವರಿಸುವುದಿಲ್ಲ. ಮಗನ ಸಾವಿಗೆ ಹೊಣೆಗಾರರಿಲ್ಲ. ಹೊಣೆಗಾರರಿಲ್ಲದ ದುಃಖಕ್ಕೆ ಆಡುವ ಭಾಷೆಯೂ ಇಲ್ಲ. ಆಕೆಯ ಸೌಜನ್ಯವೇ ಆಕೆಯ ಆಕ್ರೋಶ. ಇದನ್ನು ‘ಜಪಾನೀ ಸಂಯಮ’ ಎಂದು ಮೆಚ್ಚುವುದು ಆ ತರುಣನ ಸಂಕಟಕ್ಕೂ, ಆಕೆಯ ಸಂಕಟಕ್ಕೂ ಕುರುಡಾದಂತೆ.

3. ದೂರದರ್ಶನದ ಮಾತು

ಮೌನವು ಜಪಾನೀ ಕಥನದ ಸಹಜಗುಣವೆಂಬ ನಂಬಿಕೆಯನ್ನು ದೂರದರ್ಶನ ನಾಟಕಗಳು ನೇರವಾಗಿ ಅಲ್ಲಗಳೆಯುತ್ತವೆ. ಎನ್‌ಎಚ್‌ಕೆ 1961ರಿಂದ ಪ್ರಸಾರ ಮಾಡುತ್ತಿರುವ ಬೆಳಗಿನ ಧಾರಾವಾಹಿಗಳು ಮನೆಗೆಲಸದ ನಡುವೆ ಕಿವಿಯಿಂದಲೇ ಅನುಸರಿಸಬಹುದಾದಷ್ಟು ಮಾತನ್ನು ಅವಲಂಬಿಸಿವೆ. 1983-84ರಲ್ಲಿ 297 ಕಂತುಗಳಲ್ಲಿ ಬಂದ ‘ಒಶಿನ್’ ಇದಕ್ಕೆ ಪ್ರಸಿದ್ಧ ನಿದರ್ಶನ. ಖಾಸಗಿ ವಾಹಿನಿಗಳ ನಾಟಕಗಳು ಸಾಮಾನ್ಯವಾಗಿ ಮೂರು ತಿಂಗಳಲ್ಲಿ, ಹತ್ತು ಹನ್ನೊಂದು ಕಂತುಗಳಲ್ಲಿ ಮುಗಿಯುತ್ತವೆ. ಈ ಮಿತಿಯೇ ಅವುಗಳ ಸಂಭಾಷಣೆಗೆ ಬಿಗಿಯನ್ನು ತಂದಿದೆ.

ಯೂಜಿ ಸಕಾಮೊತೊ ಬರೆದ ‘ಕಾರುತೆತ್ತೊ’ (ನಾಲ್ವರ ವಾದ್ಯಗೋಷ್ಠಿ, 2017) ನಾಟಕದ ಪಾತ್ರಗಳು ಎಡೆಬಿಡದೆ ಮಾತನಾಡುತ್ತವೆ. ಮೊದಲ ಕಂತಿನಲ್ಲಿ, ಎಲ್ಲರ ತಟ್ಟೆಗೆ ಸೇರಿದ ಕರಿದ ಕೋಳಿಯ ಮೇಲೆ ಕೇಳದೆಯೇ ನಿಂಬೆರಸ ಹಿಂಡಬಹುದೇ ಎಂಬ ಹಾಸ್ಯಮಯ ಜಗಳ ನಡೆಯುತ್ತದೆ. ಮುಂದೆ ಮಾಕಿ ತನ್ನ ದಾಂಪತ್ಯದ ಕಥೆ ಹೇಳುತ್ತಾಳೆ: ಆಕೆ ನಿಂಬೆರಸ ಹಿಂಡಿ ಬಡಿಸುತ್ತಿದ್ದಳು, ಗಂಡ ತಿನ್ನುತ್ತಿದ್ದ. ಅವನಿಗೆ ನಿಂಬೆ ಹಿಡಿಸದೆಂಬುದು ಹೋಟೆಲಿನಲ್ಲಿ ಅವನು ಇತರರೊಡನೆ ಆಡಿದ ಮಾತು ಆಕಸ್ಮಿಕವಾಗಿ ಕಿವಿಗೆ ಬಿದ್ದಾಗಲೇ ಆಕೆಗೆ ತಿಳಿದುದು. ಇಷ್ಟೊಂದು ಮಾತಿನ ನಡುವೆ ಒಂದು ಕ್ಷುಲ್ಲಕ ಮಾತು ಆಡದೆ ಉಳಿದು ಸಂಸಾರವನ್ನು ಒಳಗಿನಿಂದ ತಿಂದುಹಾಕಿದೆ. ಗಂಡ ಬಾಯಿಬಿಡದಿದ್ದುದಕ್ಕೆ ಕಾರಣ ಸಂಸ್ಕೃತಿಯ ಗಾಂಭೀರ್ಯವಲ್ಲ, ಕೇವಲ ದಾಕ್ಷಿಣ್ಯ.

4. ಮಾತೇ ಮೌನವಾದಾಗ

ಸಕಾಮೊತೊ ಮತ್ತು ಕೊರೆಯೆಡ ಜೊತೆಗೂಡಿದ ‘ಕೈಬುತ್ಸು’ (ದೈತ್ಯ, 2023) ಈ ಎರಡೂ ಧಾರೆಗಳ ಸಂಗಮ. ಇದಕ್ಕೆ ಕಾನ್‌ನಲ್ಲಿ ಶ್ರೇಷ್ಠ ಚಿತ್ರಕಥೆಯ ಪ್ರಶಸ್ತಿ ಸಂದಿತು. ಒಂದೇ ಪ್ರಸಂಗವನ್ನು ತಾಯಿ, ಶಿಕ್ಷಕ, ಮಗ ಈ ಮೂವರ ದೃಷ್ಟಿಯಿಂದ ಚಿತ್ರ ನಿರೂಪಿಸುತ್ತದೆ. ಮಗನಿಗೆ ಶಾಲೆಯಲ್ಲಿ ಪೆಟ್ಟಾಗಿದೆಯೆಂದು ದೂರು ತರುವ ತಾಯಿಗೆ ಮುಖ್ಯೋಪಾಧ್ಯಾಯಿನಿ ಕೊಡುವುದು ಕಾಗದದಲ್ಲಿ ಬರೆದುಕೊಂಡ ಕ್ಷಮಾಪಣೆ. ವಾಕ್ಯಗಳು ಪೂರ್ಣ, ವಿನಯ ನಿರ್ದುಷ್ಟ, ಅರ್ಥ ಶೂನ್ಯ. ಇಲ್ಲಿ ಮಾತೇ ಮೌನದ ಸಾಧನವಾಗಿದೆ.

ಈ ಪಾತ್ರವನ್ನು ವಹಿಸಿದ ಯೂಕೊ ತನಾಕಾ ನಲವತ್ತು ವರ್ಷಗಳ ಹಿಂದೆ ಪ್ರಾಯದ ಒಶಿನ್ ಆಗಿ ಮನೆಮಾತಾದವರು. ಸಹಪಾಠಿ ಹುಡುಗನ ಮೇಲಿನ ಒಲವನ್ನು ಹೇಳಲಾರದ ಬಾಲಕ ಮಿನಾತೊ ಕೊನೆಗೆ ಬಾಯಿಬಿಡುವುದು ಇದೇ ಮುಖ್ಯೋಪಾಧ್ಯಾಯಿನಿಯ ಮುಂದೆ. ಹೇಳಲಾಗದ್ದನ್ನು ಊದಿಬಿಡುವಂತೆ ಆಕೆ ಸೂಚಿಸುತ್ತಾಳೆ; ಸಂಗೀತದ ಕೋಣೆಯಿಂದ ಇಬ್ಬರ ವಾದ್ಯಗಳ ಕರ್ಕಶ ಸ್ವರ ಹೊರಡುತ್ತದೆ. ಮೊದಲೆರಡು ಭಾಗಗಳಲ್ಲಿ ಹಿನ್ನೆಲೆಯ ಗದ್ದಲವಾಗಿ ಕೇಳಿಸಿದ್ದ ಧ್ವನಿಯೇ ಅದೆಂದು ಪ್ರೇಕ್ಷಕನಿಗೆ ಆಗ ಹೊಳೆಯುತ್ತದೆ. ಪಾತ್ರದ ಮೌನ ಒಡೆಯುವ ಕ್ಷಣವನ್ನು ಕೃತಿ ತನ್ನ ಮೌನದಿಂದ ಕಾಪಾಡಿಕೊಂಡು ಬಂದಿದೆ.

ಉಪಸಂಹಾರ

ಮೇಲಿನ ಉದಾಹರಣೆಗಳಲ್ಲಿ ಬಾಲಕನ ಮೌನಕ್ಕೆ ಭಯ, ತಾಯಿಯ ಮೌನಕ್ಕೆ ಶೋಕ, ಗಂಡನ ಮೌನಕ್ಕೆ ದಾಕ್ಷಿಣ್ಯ, ಶಾಲೆಯ ಮೌನಕ್ಕೆ ಸಂಸ್ಥೆಯ ಆತ್ಮರಕ್ಷಣೆ ಕಾರಣಗಳಾಗಿವೆ. ಇವೆಲ್ಲವನ್ನೂ ಒಂದೇ ಸೌಂದರ್ಯತತ್ತ್ವದಡಿ ತರುವುದು ವಿಮರ್ಶೆಯ ಸೋಮಾರಿತನವಾದೀತು. ಕೃತಿಯ ಮೌನವನ್ನು ಸವಿಯುವ ಸಹೃದಯನು ಪಾತ್ರದ ಮೌನವನ್ನು ಸವಿಯಲಾಗದು, ಅದಕ್ಕೆ ಕಿವಿಗೊಡಬೇಕು. ಅನ್ಯಸಂಸ್ಕೃತಿಯ ಕೃತಿಗಳ ಗ್ರಹಿಕೆಯಲ್ಲಿ ಈ ವಿವೇಕ ತಪ್ಪಿದರೆ, ಮೆಚ್ಚುಗೆಯೇ ಅವಜ್ಞೆಯ ಒಂದು ರೂಪವಾಗಿ ಪರಿಣಮಿಸುವ ಅಪಾಯವಿದೆ.