ಹಿಗ್ಗುವ ಡಿಸ್ಕು, ಹಿಗ್ಗದ ಇರುಳು

೧೯೫೬ರಲ್ಲಿ ಐ.ಬಿ.ಎಂ. ಹೊರತಂದ ಮೊದಲ ಹಾರ್ಡ್ ಡಿಸ್ಕಿನ ೫೦ ತಟ್ಟೆಗಳು ೫೦ ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದುವು. ಸೆಕೆಂಡಿಗೆ ೮,೮೦೦ರಂತೆ ಎಡೆಬಿಡದೆ ಓದಿದರೆ ಹತ್ತು ನಿಮಿಷದೊಳಗೆ ಎಲ್ಲದರ ನಕಲು ಸಿದ್ಧ. ಇಂದಿನ ೨೦ ಟೆರಾಬೈಟ್ ಡಿಸ್ಕನ್ನು ಸೆಕೆಂಡಿಗೆ ೨೫೦ ಮೆಗಾಬೈಟ್ ವೇಗದಲ್ಲಿ ಓದಲು ೨೨ ಗಂಟೆಗೂ ಹೆಚ್ಚು ಕಾಲ ಬೇಕು, ಒಂದಿರುಳು ಸಾಲದು. ಇದಕ್ಕೆ ಕಾರಣವೇನು? ತಟ್ಟೆಯ ಮೇಲಣ ಜಾಡುಗಳೂ ಹೆಚ್ಚಿವೆ, ಒಂದೊಂದು ಜಾಡಿನಲ್ಲಿ ಅಡಕವಾದ ಬಿಟ್‌ಗಳೂ ಹೆಚ್ಚಿವೆ. ಇವೆರಡರಲ್ಲಿ ಓದುವ ವೇಗವನ್ನು ವೃದ್ಧಿಸುವುದು ಎರಡನೆಯದು ಮಾತ್ರ.

ಆದುದರಿಂದ ಕಚೇರಿಯ ಕಡತಗಳ ಪೂರ್ಣ ನಕಲನ್ನು ವಾರದ ರಜೆಯಂದು ತೆಗೆದು, ಉಳಿದ ರಾತ್ರಿಗಳಲ್ಲಿ ಬದಲಾದುವನ್ನು ಮಾತ್ರ ನಕಲಿಸುವುದು ಯುಕ್ತ. ಒಂದು ನಕಲು ಬೇರೆ ಕಟ್ಟಡದಲ್ಲಿರಲಿ. ಡಿಸ್ಕು ಕೆಟ್ಟ ದಿನ ಮರಳಿ ತುಂಬಲೂ ಅಷ್ಟೇ ಹೊತ್ತು ಹಿಡಿಯುವುದು. ಯಾವ ಕಡತ ಮೊದಲು ಬೇಕೆಂಬುದನ್ನು ಇಂದೇ ನಿಶ್ಚಯಿಸಿ, ನಕಲನ್ನು ಆಗಾಗ ತೆರೆದು ಪರೀಕ್ಷಿಸುತ್ತಿರಬೇಕು.